ನುಡಿಯದೆ ಹೋದ ನಗಾರಿ

ದೆವ್ವ, ಪವಾಡ, ಮೈಮೇಲೆ ಬರುವುದು ಇಂಥ ವಿಷಯಗಳಲ್ಲಿ ನಾನು ಸ್ವಲ್ಪ ಒರಟ. ಯಾರಾದರೂ ಕಥೆ ಶುರು ಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸಿಬಿಡುತ್ತಿದ್ದೆ. ಅದಕ್ಕೆ ನನ್ನ ಕಸುಬೂ ಕಾರಣವಿರಬಹುದು. ತಾನಾಗಿಯೇ ಬಾರಿಸಿದ ಗೋಡೆ ಗಡಿಯಾರ, ಯಾರೂ ಮುಟ್ಟದೆ ಹಾಡಿದ ಗ್ರಾಮಫೋನು, ಖಾಲಿ ಕೋಣೆಯಲ್ಲಿ ಉಸಿರುಬಿಟ್ಟ ಹಾರ್ಮೋನಿಯಂ, ಇವೆಲ್ಲ ಕೊನೆಗೆ ಬರುತ್ತಿದ್ದುದು ನನ್ನ ಅಂಗಡಿಗೇ. ಬಿಚ್ಚಿ ನೋಡಿದರೆ ಗಡಿಯಾರದ ಹಲ್ಲು ಸವೆದಿರುತ್ತಿತ್ತು, ಗ್ರಾಮಫೋನಿನ ಸ್ಪ್ರಿಂಗಿನಲ್ಲಿ ಇನ್ನೂ ಕೀಲಿ ಉಳಿದಿರುತ್ತಿತ್ತು, ಹಾರ್ಮೋನಿಯಂನ ತಿದಿಯೊಳಗೆ ಇಲಿ ಸಂಸಾರ ಹೂಡಿರುತ್ತಿತ್ತು. ಈಗ ಬರೆಯುತ್ತಿರುವ ಸಂಗತಿಗೆ ಮಾತ್ರ ಅಂಥ ಉತ್ತರ ನನಗೆ ಸಿಕ್ಕಿಲ್ಲ. ಓದಿ ನೀವು ನಕ್ಕರೂ ಬೇಸರವಿಲ್ಲ. ನಡೆದ ವಿಚಿತ್ರಕ್ಕಿಂತ ಆ ಸಂಜೆ ನಾನಾಡಿದ ಒಂದು ಮಾತೇ ನನ್ನನ್ನು ಹೆಚ್ಚು ತಿಂದಿದೆ.

ಎಂಬತ್ತರ ದಶಕ ಶುರುವಾದ ಹೊಸತು. ತಿಪಟೂರಿನಲ್ಲಿ ನನ್ನದು ವಾದ್ಯ ರಿಪೇರಿಯ ಅಂಗಡಿ, ನಮ್ಮಪ್ಪನ ಕಾಲದ್ದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಾಟಕದವರ ಕಾಲು ಹಾರ್ಮೋನಿಯಂಗಳನ್ನು ಶ್ರುತಿ ಮಾಡುವುದು, ಕೊಬ್ಬರಿ ಸಾಹುಕಾರರ ಮನೆಯ ಹಳೆಯ ಗ್ರಾಮಫೋನುಗಳಿಗೆ ಜೀವ ಕೊಡುವುದು ನಮ್ಮ ಕೆಲಸ. ಆ ಹೊತ್ತಿಗೇ ನಮ್ಮ ಕಡೆಯ ದೇವಸ್ಥಾನಗಳಿಗೆ ಕರೆಂಟಿನ ನಗಾರಿ ಬರತೊಡಗಿತು. ನೀವೂ ನೋಡಿರುತ್ತೀರಿ. ಸ್ವಿಚ್ ಒತ್ತಿದರೆ ಮೋಟಾರು ಒಂದು ದಂಡವನ್ನು ತಿರುಗಿಸುತ್ತದೆ, ದಂಡದ ಹಲ್ಲುಗಳು ಕೋಲುಗಳನ್ನು ಎತ್ತಿ ಬಿಡುತ್ತವೆ, ನಗಾರಿ, ಜಾಗಟೆ, ಗಂಟೆ ಎಲ್ಲ ಒಟ್ಟಿಗೆ ಬಾರಿಸುತ್ತವೆ. ತಂದು ಕೂರಿಸಿದ ಮಾತ್ರಕ್ಕೆ ಅದು ಚೆನ್ನಾಗಿ ಕೇಳಿಸುವುದಿಲ್ಲ. ಕೋಲು ಎಷ್ಟು ಎತ್ತರದಿಂದ ಬೀಳಬೇಕು, ಜಾಗಟೆಯ ಸುತ್ತಿಗೆಗೆ ಎಷ್ಟು ತೊಗಲು ಸುತ್ತಬೇಕು, ಇದನ್ನೆಲ್ಲ ಕಿವಿಯಿಂದಲೇ ಹೊಂದಿಸಬೇಕು. ಸುತ್ತಲಿನ ಊರುಗಳಲ್ಲಿ ಆ ಕೆಲಸ ನನಗೆ ಬಂತು, ಅದರ ಜೊತೆಗೆ ಒಂದಿಷ್ಟು ಜಂಬವೂ ಬಂತು.

ದಬ್ಬೇಘಟ್ಟದ ಹತ್ತಿರದ ಒಂದು ಊರಿನ ಈಶ್ವರ ದೇವಸ್ಥಾನಕ್ಕೂ ಮಿಷನ್ ಕೂರಿಸಿಕೊಟ್ಟೆ. ಊರಿನ ಹೆಸರು ಬೇಡ. ದೇವಸ್ಥಾನದ ಉಸ್ತುವಾರಿ ರುದ್ರಪ್ಪನವರದು. ದೊಡ್ಡ ತೆಂಗಿನ ತೋಟದವರು, ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ಹಳೆಯ ತಾಮ್ರದ ನಗಾರಿಯನ್ನು ಬಿಡುವುದು ಬೇಡ, ಮಿಷನ್ನಿಗೆ ಅದನ್ನೇ ಜೋಡಿಸಿ ಎಂದರು. ಆ ನಗಾರಿಯನ್ನು ಅಲ್ಲಿಯತನಕ ಬಾರಿಸುತ್ತಿದ್ದವರು ಹನುಮಯ್ಯ. ಅವರ ಅಪ್ಪ, ತಾತ ಎಲ್ಲರೂ ಅದನ್ನೇ ಬಾರಿಸಿದವರು. ಮಿಷನ್ ಬರುವುದಕ್ಕೆ ಹನುಮಯ್ಯ ಚಕಾರ ಎತ್ತಲಿಲ್ಲ. ನನ್ನ ಜೊತೆಗೇ ಕೂತು ಸವೆದ ಚರ್ಮ ತೆಗೆದು ಹೊಸದು ಬಿಗಿಯುವುದಕ್ಕೆ ಕೈ ಹಾಕಿದರು. ಥಂಡಿಗೆ ಚರ್ಮ ಸಡಿಲವಾಗುವುದರಿಂದ ದಿನವೂ ಅದಕ್ಕೆ ಕರಟದ ಕೆಂಡದ ಶಾಖ ತೋರಿಸಬೇಕು. ಆ ಕೆಲಸವನ್ನು ರುದ್ರಪ್ಪನವರು ಅವರಿಗೇ ಉಳಿಸಿದರು. ಹಾಗಾಗಿ ಮುಖಮಂಟಪದ ಕಂಬದ ಬುಡದಲ್ಲಿ ಅವರು ಕೂರುವ ಜಾಗ, ಪೂಜೆಯ ನಂತರ ಅವರ ಪಾಲಿನ ಪ್ರಸಾದ, ಎರಡೂ ಉಳಿದವು. ಹೆಂಡತಿ ಹೋದ ಮೇಲೆ ಅವರಿಗೆ ಮನೆಗಿಂತ ಆ ಕಂಬವೇ ಮನೆಯಾಗಿತ್ತೆಂದು ಊರವರೇ ಹೇಳುತ್ತಿದ್ದರು.

ಕೆಲವು ತಿಂಗಳ ಮೇಲೆ ರುದ್ರಪ್ಪನವರು ಹೇಳಿಕಳಿಸಿದರು. ಸಂಜೆಯ ಮಂಗಳಾರತಿಯಲ್ಲಿ ನಗಾರಿ ಒಮ್ಮೊಮ್ಮೆ ನುಡಿಯುವುದಿಲ್ಲವಂತೆ. ಕೋಲು ಸರಿಯಾಗಿ ಬೀಳುತ್ತಿಲ್ಲ, ಇನ್ನೇನು ಎಂದುಕೊಂಡು ಬಸ್ಸು ಹತ್ತಿದೆ. ಮಧ್ಯಾಹ್ನವೇ ಹೋಗಿ ಎಲ್ಲ ನೋಡಿದೆ. ಕೋಲು ಸರಿ ಇತ್ತು. ಬೆರಳಲ್ಲಿ ತಟ್ಟಿದರೆ ಚರ್ಮ ಗಟ್ಟಿಯಾಗಿ ನುಡಿಯಿತು. ಸುತ್ತಲೂ ಬಿಗಿದ ತೊಗಲಿನ ಬಾರನ್ನು ಒಂದು ಕಡೆಯಿಂದ ಕೈಯಾಡಿಸುತ್ತ ಬಂದೆ. ಎಲ್ಲೂ ಸಡಿಲವಿರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ಸ್ವಿಚ್ ಹಾಕಿದೆ, ಮಂಟಪವೆಲ್ಲ ಗುಡುಗಿತು. ಹನುಮಯ್ಯ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. "ಈಗ ಸರಿಯಾಗೈತಲ್ಲ ಸ್ವಾಮಿ," ಎಂದು ನಕ್ಕರು.

ಸಂಜೆಯ ಪೂಜೆ ನೋಡಿಕೊಂಡೇ ಹೋಗೋಣವೆಂದು ಉಳಿದೆ. ಜನ ಸೇರಿದರು. ಹನುಮಯ್ಯ ಕೆಂಡ ತರಲು ಹೊರಗೆ ಹೋದರು. ಅಷ್ಟರಲ್ಲಿ ಅರ್ಚಕರು ಆರತಿ ಎತ್ತಿದರು, ಯಾರೋ ಸ್ವಿಚ್ ಹಾಕಿದರು. ಗಂಟೆ ಬಾರಿಸಿತು, ಜಾಗಟೆ ಬಾರಿಸಿತು. ನಗಾರಿ ನುಡಿಯಲಿಲ್ಲ.

ನಾನು ಅದರಿಂದ ಒಂದು ಮಾರು ದೂರದಲ್ಲೂ ಇರಲಿಲ್ಲ. ಎರಡು ಕೋಲುಗಳೂ ಎದ್ದು ಎದ್ದು ಚರ್ಮದ ನಟ್ಟನಡುವೆ ಬೀಳುತ್ತಿದ್ದವು. ಶಬ್ದವಿಲ್ಲ. ಕಿವಿ ಕಟ್ಟಿತೇನೋ ಎಂದುಕೊಂಡೆ. ಆದರೆ ಪಕ್ಕದ ಗಂಟೆ ಕಿವಿ ತೂತಾಗುವ ಹಾಗೆ ಕೇಳುತ್ತಿತ್ತು. ಹೋಗಿ ಚರ್ಮದ ಅಂಚಿಗೆ ಅಂಗೈ ಇಟ್ಟೆ. ನೊಣ ಕೂತಾಗ ದನದ ಮೈ ಅದುರುತ್ತದಲ್ಲ, ಹಾಗೆ ಅದು ನನ್ನ ಕೈಯಡಿ ಅದುರುತ್ತಿತ್ತು. ಪೆಟ್ಟು ಕೈಗೆ ಗೊತ್ತಾಗುತ್ತಿದೆ, ಕಿವಿಗಿಲ್ಲ. ಸುಳ್ಳು ಹೇಳುವುದೇಕೆ, ಹೆದರಿದೆ.

ಆಗ ಹನುಮಯ್ಯ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರು ಹೊಸ್ತಿಲು ದಾಟಿದ್ದೇ ತಡ, ನಗಾರಿ ಧಡಧಡನೆ ನುಡಿಯತೊಡಗಿತು. ಮಂಟಪದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಅವರಿಗೆ ಗಾಬರಿಯಾಗಿರಬೇಕು. ಬೋಕಿ ಹಿಡಿದುಕೊಂಡೇ ಮತ್ತೆ ಹೊರಕ್ಕೆ ಸರಿದರು. ನಗಾರಿ ನಿಂತಿತು. ಕೋಲುಗಳು ಮಾತ್ರ ಎದ್ದು ಬೀಳುತ್ತಲೇ ಇದ್ದವು. ಅರ್ಚಕರ ಆರತಿಯ ಕೈ ಅರ್ಧದಲ್ಲೇ ನಿಂತಿತ್ತು. ರುದ್ರಪ್ಪನವರು ತಾವೇ ಹೋಗಿ ಸ್ವಿಚ್ ಆರಿಸಿದರು.

"ಏನ್ರೀ ಇದು? ಏನಾಗೈತೆ ಇದಕ್ಕೆ?" ಎಂದು ನನ್ನನ್ನು ಕೇಳಿದರು.

ಇಡೀ ಊರು ನನ್ನ ಬಾಯಿ ನೋಡುತ್ತಿತ್ತು. ಗೊತ್ತಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ತಿಪಟೂರಿನಿಂದ ಕರೆಸಿದ ರಿಪೇರಿಯವನು, ಯಂತ್ರ ಬಿಚ್ಚಿದರೆ ದೆವ್ವ ಓಡುತ್ತದೆ ಎಂದು ಊರೂರಲ್ಲಿ ಹೇಳಿಕೊಂಡು ತಿರುಗುವವನು, ಅಷ್ಟು ಜನರ ಮುಂದೆ ಗೊತ್ತಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಬಾರು ಸಡಿಲ ಮಾಡಿದಾರೆ. ಕೆಂಡದ ಕಾವು ತಗುಲಿದಾಗ ಬಿಗಿಯಾಗುತ್ತೆ, ನುಡಿಯುತ್ತೆ. ಕೈ ಪಳಗಿದವರೇ ಮಾಡಿರಬೇಕು," ಎಂದೆ. ಹೇಳುವಾಗ ನನಗೇ ನಂಬಿಕೆ ಬರುವಷ್ಟು ಸಲೀಸಾಗಿ ಬಂತು. ಹೊಸ್ತಿಲ ಬಳಿಯ ಕೆಂಡದ ಕಾವು ನಗಾರಿಗೆ ಹೇಗೆ ತಲುಪಿತೆಂದು ಯಾರೂ ಕೇಳಲಿಲ್ಲ, ಬಾರನ್ನು ಯಾರೂ ಮುಟ್ಟಿ ನೋಡಲಿಲ್ಲ.

ಹೆಸರು ಹೇಳಲಿಲ್ಲ ಎಂದು ಬಹಳ ಕಾಲ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಆ ಊರಿನಲ್ಲಿ ನಗಾರಿಗೆ ಕೈ ಪಳಗಿದವರು ಇನ್ನು ಯಾರಿದ್ದರು?

"ಲೋ ಹನುಮಯ್ಯ," ಎಂದರು ರುದ್ರಪ್ಪನವರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. "ಹೊಟ್ಟೆಕಿಚ್ಚಿಗೆ ದೇವರ ನಗಾರೀನೇ ಕೆಡಿಸ್ದೇನ್ಲಾ?"

"ನಾನು ಮುಟ್ಟಿಲ್ಲ ಬುದ್ದಿ," ಎಂದು ಹನುಮಯ್ಯ ಹೊಸ್ತಿಲಾಚೆಯಿಂದಲೇ ನನ್ನ ಕಡೆ ತಿರುಗಿದರು. "ನೀವು ಕೈಯಾರೆ ನೋಡಿದ್ರಾ ಸ್ವಾಮಿ? ಸಡಿಲ ಆಗಿತ್ತಾ?"

ನಾನು ಹೌದು ಎಂದೆ. ಹನುಮಯ್ಯ ಬೋಕಿಯನ್ನು ಕೆಳಗಿಟ್ಟು ತಮ್ಮ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಇನ್ನು ಮೇಲೆ ದೇವಸ್ಥಾನದ ಮೆಟ್ಟಿಲು ಹತ್ತಬೇಡ ಎಂದು ರುದ್ರಪ್ಪನವರು ಹೇಳಿದಾಗಲೂ ಅವರು ಕೈಯನ್ನೇ ನೋಡುತ್ತಿದ್ದರು.

ಆ ನಗಾರಿಯನ್ನು ತೆಗೆದು ಫೈಬರ್ ಹಾಳೆಯ ಹೊಸದನ್ನು ಹಾಕಿಸಿದರು. ಅದಕ್ಕೆ ಕೆಂಡವೂ ಬೇಡ, ಕಾಯಿಸುವವರೂ ಬೇಡ. ಹಳೆಯದನ್ನು ನನ್ನ ಅಂಗಡಿಗೆ ಹೊರಿಸಿದರು. ಬಾಗಿಲು ಹಾಕುವ ಮೊದಲು ದಿನವೂ ಅದಕ್ಕೆ ಒಂದು ಪೆಟ್ಟು ಹೊಡೆಯುತ್ತಿದ್ದೆ. ಬಾರು ಬಿಗಿಯಿದ್ದೂ ಒಂದೇ ಒಂದು ಸಲ ಅದು ಸುಮ್ಮನಿದ್ದರೆ ಸಾಕು, ರುದ್ರಪ್ಪನವರನ್ನು ಕರೆತಂದು ತೋರಿಸುತ್ತೇನೆ ಎಂಬ ಆಸೆ. ಕೆಟ್ಟ ವಾದ್ಯ ನುಡಿಯಲಿ ಎಂದು ಹಾರೈಸುವ ಕಸುಬಿನವನು, ನುಡಿಯದಿರಲಿ ಎಂದು ಬೇಡಿಕೊಂಡದ್ದು ಅದೊಂದಕ್ಕೇ. ಹೊಡೆದಾಗಲೆಲ್ಲ ಅದು ಚೆನ್ನಾಗಿಯೇ ನುಡಿಯಿತು.

ಹನುಮಯ್ಯ ದಂಡಿನಶಿವರದಲ್ಲಿ ಮಗಳ ಮನೆ ಸೇರಿದ್ದಾರೆಂದು ತಿಳಿಯಿತು. ಹೋಗಬೇಕು, ಹೋಗಬೇಕು ಎನ್ನುತ್ತಲೇ ಎರಡು ವರ್ಷ ಕಳೆದೆ. ಕೊನೆಗೊಂದು ದಿನ ಹೋದೆ. ಹಿತ್ತಲಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿಕೊಳ್ಳುತ್ತಾರೆಂದುಕೊಂಡಿದ್ದೆ. ಅವರು ಎದ್ದು ಬಂದು, "ಸ್ವಾಮ್ಯಾರು ಬಂದವ್ರೆ, ಎಳನೀರು ಕೊಡವ್ವ," ಎಂದು ಮಗಳನ್ನು ಕೂಗಿದರು. ಬೈದಿದ್ದರೆ ಚೆನ್ನಾಗಿತ್ತು.

ಎಳನೀರನ್ನು ಕುಡಿಯದೆ ಪಕ್ಕಕ್ಕಿಟ್ಟೆ. ಏನು ಹೇಳಲಿ ಎಂದು ತಡಕಾಡುತ್ತಿದ್ದಾಗ ಅವರೇ ಶುರು ಮಾಡಿದರು. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡಿ. ನಿದ್ದೆಗಣ್ಣಲ್ಲಿ ಮನುಷ್ಯ ಎದ್ದೋಗಿ ಏನಾರ ಮಾಡಿ ಬಂದ್ರೆ ಅವನಿಗೆ ಗೊತ್ತಾಗಾಕಿಲ್ವಂತೆ, ದಿಟವಾ? ಮಿಷನ್ ಬಂದಾಗ ಮ್ಯಾಲೆ ಮ್ಯಾಲೆ ನಗ್ತಿದ್ದೆ. ಹೊಟ್ಟೇಲಿ ಉರಿ ಇತ್ತು ಸ್ವಾಮಿ, ಇಲ್ಲ ಅನ್ನಾಕಿಲ್ಲ. ನೀವೇ ನೋಡಿದೀನಿ ಅಂದ ಮ್ಯಾಲೆ, ಬಾರು ಬಿಚ್ಚಿದ್ದು ಈ ಕೈಯೇ ಇರ್ಬೇಕು."

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬಾರು ಬಿಗಿಯಾಗಿತ್ತು, ನಾನೇ ಮುಟ್ಟಿ ನೋಡಿದ್ದೆ, ನನಗೆ ಕಾರಣ ಗೊತ್ತಾಗಲಿಲ್ಲ, ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಹೇಳಿದೆ ಎಂದೆ. ಹೇಳುತ್ತಾ ಅತ್ತೆ. ಅವರು ನನ್ನ ಭುಜ ತಟ್ಟಿದರು. "ಬುಡಿ ಸ್ವಾಮಿ. ಮುದುಕನ ಸಮಾಧಾನಕ್ಕೆ ಅಷ್ಟು ದೂರದಿಂದ ಬಂದು ಹಿಂಗೆ ಹೇಳ್ತಿದೀರಿ. ನಿಮ್ಮ ಮನಸ್ಸು ದೊಡ್ಡದು." ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದ ಮನುಷ್ಯ ಅವರು. ಹೊರಡುವಾಗ ಒಳಗಿಂದ ಒಂದು ಜುಟ್ಟಿನ ಕಾಯಿ ತಂದು ನನ್ನ ಚೀಲಕ್ಕೆ ಹಾಕಿದರು. ತಾನು ಮೆಟ್ಟಿಲು ಹತ್ತುವಂತಿಲ್ಲವಲ್ಲ, ಈಶ್ವರನಿಗೆ ತಪ್ಪುಕಾಣಿಕೆ ಎಂದು ಒಡೆಸಿಬಿಡಿ ಎಂದು ಕೇಳಿಕೊಂಡರು.

ಆ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತೆ. ದೇವಸ್ಥಾನದಲ್ಲಿ ಅರ್ಚಕರು ಯಾರ ಹೆಸರಿಗೆ ಎಂದಾಗ ನನ್ನ ಹೆಸರು ಹೇಳಿದೆ. ಅಲ್ಲಿಂದ ನೇರವಾಗಿ ರುದ್ರಪ್ಪನವರ ಮನೆಗೆ ಹೋಗಿ, ಹನುಮಯ್ಯ ಏನೂ ಮಾಡಿಲ್ಲ, ಅವರನ್ನು ವಾಪಸ್ಸು ಕರೆಸಿ, ತಪ್ಪು ನನ್ನದು ಎಂದೆ.

ರುದ್ರಪ್ಪನವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ಅವತ್ತು ಯಾಕೆ ನುಡೀಲಿಲ್ಲ? ಅದನ್ನ ಹೇಳ್ರೀ," ಎಂದರು.

"ಗೊತ್ತಿಲ್ಲ," ಎಂದೆ.

"ಯಾಕೇಂತ ನಿಮಗೇ ಗೊತ್ತಿಲ್ದೆ ಇದ್ದ ಮ್ಯಾಲೆ, ಅವನು ಮಾಡಿಲ್ಲ ಅಂತ ಹೆಂಗ್ರೀ ಹೇಳ್ತೀರಿ?"

ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು. ನಾನು ಎದ್ದು ಬಂದೆ.

ಹನುಮಯ್ಯ ದಂಡಿನಶಿವರದಲ್ಲೇ ತೀರಿಕೊಂಡರು. ಅವರ ಮೇಲಿನ ಮಾತು ಆ ಊರಿನಲ್ಲಿ ಹಾಗೇ ಉಳಿದಿದೆ. ಅದು ಹೋಗಬೇಕಾದರೆ ಆ ಸಂಜೆ ನಗಾರಿ ಏಕೆ ನುಡಿಯಲಿಲ್ಲವೆಂದು ನಾನು ಹೇಳಬೇಕು. ಇಷ್ಟು ವರ್ಷ ಯೋಚಿಸಿದ್ದೇನೆ. ನನಗೆ ಗೊತ್ತಿಲ್ಲ.