ಹೆಸರು ಅಕ್ಕನ ಬಾಯಲ್ಲಿತ್ತು

ಮಗಳ ಜ್ಞಾನಸ್ನಾನದ ದಿನ ಗೊತ್ತಾದಂದಿನಿಂದ ನನಗೆ ಉಂಡದ್ದು ಮೈಗೆ ಹತ್ತಲಿಲ್ಲ. ಕಾರಣ ನನ್ನ ಅಕ್ಕ. ಆಕೆ ಬರದಿದ್ದರೆ ಕೂಸಿಗೆ ಹೆಸರಿಲ್ಲ.

ತೆಲುಗು ಸೀಮೆಯಲ್ಲಿ, ನಾರಾಯಣಖೇಡದ ಆಚೆ, ಸಿರ್ಗಾಪುರದ ಕಡೆಯ ಹಳ್ಳಿ ನಮ್ಮದು. ಅಲ್ಲಿ ಕ್ಯಾಥೊಲಿಕರ ಕೆಲವೇ ಮನೆಗಳಿವೆ. ಅಜ್ಜನ ಕಾಲಕ್ಕೆ ಕ್ರಿಸ್ತನನ್ನು ನಂಬಿದ ನಮ್ಮವರು ತೊಟ್ಟಿಲ ಪದ್ಧತಿಯನ್ನು ಮಾತ್ರ ಬಿಡಲಿಲ್ಲ. ಕೂಸಿನ ಹೆಸರನ್ನು ಸೋದರತ್ತೆಯೇ ಆರಿಸಬೇಕು. ಅವಳು ಅದನ್ನು ಕೂಸಿನ ಕಿವಿಯಲ್ಲಿ ಹೇಳುವ ತನಕ ಹೆತ್ತವರೂ ಕೇಳುವಂತಿಲ್ಲ. ಅವಳು ಬಗ್ಗಿದಾಗ ಉಳಿದ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ. ಜ್ಞಾನಸ್ನಾನದ ಆರಂಭಕ್ಕೆ ಫಾದರ್ ಚರ್ಚಿನ ಬಾಗಿಲಿಗೆ ಬಂದು, ಮಗುವಿಗೆ ಏನು ಹೆಸರಿಡುತ್ತೀರಿ ಎಂದು ಕೇಳುವುದುಂಟು. ನಮ್ಮ ಹಿರಿಯರು ಎರಡನ್ನೂ ಆ ಬಾಗಿಲಲ್ಲೇ ಕೂಡಿಸಿಬಿಟ್ಟಿದ್ದರು.

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ಅವ್ವ ಹೋದ ಮೇಲೆ ಅಕ್ಕ ತಾಂಡೂರಿನ ಬೇಳೆ ಮಿಲ್ಲಿನಲ್ಲಿ ತೊಗರಿ ಆರಿಸಿ ನನ್ನನ್ನು ಓದಿಸಿದಳು. ಈಗ ನಾನು ಜಹೀರಾಬಾದಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಅವಳು ತಾಂಡೂರಿನಲ್ಲೇ ಇದ್ದಾಳೆ. ಆದರೆ ಕ್ಯಾಥೊಲಿಕಳಾಗಿ ಉಳಿದಿಲ್ಲ. ಭಾವ ಜ್ವರದಲ್ಲಿ ಮಲಗಿದ್ದಾಗ ದಿನಾ ಬಂದು ಪ್ರಾರ್ಥನೆ ಮಾಡಿದವರು ತಗಡಿನ ಶೆಡ್ಡಿನಲ್ಲಿ ಸಭೆ ನಡೆಸುವ ಒಬ್ಬ ಪಾಸ್ಟರ್. ಭಾವ ಎದ್ದು ಕುಳಿತ. ಅಕ್ಕ ಹಳೆಯ ಕಲ್ಲಿನ ಖಣಿಯೊಂದರಲ್ಲಿ ನಿಂತ ನೀರಿಗಿಳಿದು, ಮುಳುಗಿ ಎದ್ದು, ಆ ಸಭೆ ಸೇರಿದಳು. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಹಾಡು ಎತ್ತುವವಳು ಈಗ ಅವಳೇ.

ಅಕ್ಕನೇ ಜ್ಞಾನಸ್ನಾನದಲ್ಲಿ ಕೂಸಿನ ಹೊಣೆ ಹೊರುವ ಜ್ಞಾನತಾಯಿಯಾಗಿ ಅದನ್ನು ಎತ್ತಿಕೊಳ್ಳಲಿ ಎಂಬ ಆಸೆಯಿಂದ ಮೊದಲು ಫಾದರ್ ಹತ್ತಿರ ಹೋದೆ. ಅವರು ಬೀದರ ಕಡೆಯವರು, ಮೆತ್ತಗಿನ ಮನುಷ್ಯ.

"ಜ್ಞಾನತಾಯಿ ಕ್ಯಾಥೊಲಿಕಳೇ ಆಗಿರಬೇಕು, ಮಾಸ್ತರೇ," ಎಂದರು.

"ಬೇರೆ ಸಭೆಯವರು ಸಾಕ್ಷಿಯಾಗಿ ನಿಂತರೆ ನಡೀತದ ಅಂತ ಕೇಳೀನಿ, ಫಾದರ್."

"ಬೇರೆ ಸಭೆಯಲ್ಲೇ ಹುಟ್ಟಿ ಬೆಳೆದವರಾದರೆ ನಿಲ್ಲಬಹುದಿತ್ತು. ಇವರು ನಮ್ಮನ್ನು ಬಿಟ್ಟು ಹೋದವರು. ಇದು ನಾನು ಮಾಡಿದ ನೇಮ ಅಲ್ಲ. ನಾನೂ ಬಿಷಪ್ಪರ ಮಾತು ಕೇಳಬೇಕಾದವನೇ."

ಹೊರಗಿನವರಿಗಿದ್ದ ಜಾಗ ಮನೆಯಿಂದ ಹೋದವಳಿಗಿಲ್ಲ! ಬಾಗಿಲಲ್ಲಿ ಹೆಸರು ಹೇಳಲು ಅಡ್ಡಿಯಿಲ್ಲವಲ್ಲ ಎಂದು ಮಾತ್ರ ಕೇಳಿದೆ. "ಬಾಗಿಲ ತನಕ ಯಾರನ್ನೂ ತಡೆಯುವುದಿಲ್ಲ," ಎಂದರು.

ಮರುದಿನವೇ ತಾಂಡೂರಿನ ಬಸ್ಸು ಹತ್ತಿದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಕೇಳಿ ತಲೆ ಎತ್ತಲಿಲ್ಲ.

"ಪಾಸ್ಟರ್ ಬ್ಯಾಡ ಅಂದಾರ, ತಮ್ಮಾ. ಮೂರ್ತಿ ಇಟ್ಟಿರೋ ಹೊಸ್ತಿಲ ದಾಟಿದ್ರ ಹಾಡೋ ಜಾಗಾದಾಗ ನಿಲ್ಲಾಕ ಬಿಡಲ್ಲ ಅಂತ."

"ನಿಮ್ಮ ಪಾಸ್ಟರ್ ನಮ್ಮ ಪೋಪಗಿಂತ ದೊಡ್ಡಾವ ಆದನಲ್ಲ!"

"ಪೋಪಂದು ಬೈಬಲ್ದಾಗ ಎಲ್ಲಿ ಅದ, ತೋರ್ಸು. ಕೂಸಿಗೆ ನಂಬಿಕಿ ಅಂದ್ರ ಗೊತ್ತೇನು? ನಂಬಿಕಿ ಇಲ್ಲದ ನೀರು ಹಾಕಿದ್ರ ಅದು ಜಳಕ ಅಷ್ಟ."

"ನಿನಗೂ ಕೂಸಿದ್ದಾಗ ಹಾಕ್ಯಾರ."

"ಅದೂ ಜಳಕನೇ. ಖಣ್ಯಾಗ ಆಗಿದ್ದು ಖರೇದು."

"ಹಂಗಾದ್ರ ನಿನ್ನ ಹೆಸರು? ಅದೂ ಆ ಜಳಕದಾಗ ಇಟ್ಟಿದ್ದ ಅಲ್ಲೇನು? ಖಣ್ಯಾಗ ಯಾಕ ಬಿಟ್ಟು ಬರಲಿಲ್ಲ?"

ಅಕ್ಕನ ಕೈ ನಿಂತಿತು. ಆಮೇಲೆ ನಕ್ಕಳು. "ನಿನ್ನ ಕಾಲೇಜಿಗೆ ಕಳಿಸಿದ್ದ ತಪ್ಪಾತು ನೋಡು. ಉಣ್ಣು, ರೊಟ್ಟಿ ಆರ್ತದ."

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಹೆಸರನ್ನಂತೂ ಬಾಯಿ ಬಿಡಲಿಲ್ಲ. ಹಾಡು ಹೋದರೆ ಆಕೆಗೆ ಏನು ಉಳಿಯುತ್ತದೆ ಎಂದು ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ನಾನು ಕೇಳುತ್ತಿರುವುದು ಸಣ್ಣದೇನಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದೆ.

ಜ್ಞಾನಸ್ನಾನದ ಭಾನುವಾರ ಚರ್ಚಿನ ತೆಲುಗು ಪೂಜೆ ಮುಗಿದು ಜನ ಚದುರಿದರು. ಅಕ್ಕನ ಫೋನು ಬಂದ್ ಇತ್ತು. ಜ್ಞಾನತಾಯಿಯಾಗಿ ನಿಲ್ಲಬೇಕಿದ್ದ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ಕಾದರು. ಫಾದರ್ ಇನ್ನೊಂದು ಹಳ್ಳಿಗೆ ಪೂಜೆಗೆ ಹೋಗಬೇಕಿತ್ತು.

"ಯಾರರೆ ಸಂತರ ಹೆಸರು ಇಟ್ಟು ಮುಗಸ್ರಿ," ಎಂದರು ಅತ್ತೆ. "ಬರಂಗಿಲ್ಲದವರಿಗೆ ಎಷ್ಟಂತ ಕಾಯೋದು?"

ಫಾದರ್ ಕೈಗಡಿಯಾರ ನೋಡಿ, ಸಾವಕಾಶವಾಗಿ ಕೇಳಿದರು: "ಈ ಮಗುವಿಗೆ ಏನು ಹೆಸರಿಡುತ್ತೀರಿ?"

ಒಂದು ಹೆಸರು ಹೇಳಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಹೇಳಿಬಿಟ್ಟ ಮೇಲೆ ಅಕ್ಕನಿಗೆ ಏನೂ ಉಳಿಯುತ್ತಿರಲಿಲ್ಲ. ಆಗ ಹೆಂಡತಿ ನನ್ನ ತೋಳು ಹಿಡಿದಳು. "ರೀ, ಗೇಟಿನ ಕಡೆ ನೋಡ್ರಿ."

ಅಕ್ಕ ಗೇಟಿನ ಹೊರಗೆ, ಚಹಾ ಅಂಗಡಿಯ ಮಗ್ಗುಲಿಗೆ ನಿಂತಿದ್ದಳು. ಪೂಜೆ ಶುರುವಾದಾಗಿನಿಂದ ಅಲ್ಲೇ ಇದ್ದಳಂತೆ. ನಾನು ಕರೆಯಲಿಲ್ಲ, ಕರೆದರೆ ಹಿಂದಿರುಗುತ್ತಾಳೆಂದು ಹೆದರಿದೆ. ತಾನೇ ರಸ್ತೆ ದಾಟಿದಳು. ಮೆಟ್ಟಿಲು ಹತ್ತಿ, ಹೊಸ್ತಿಲಿನ ಈಚೆಗೆ ನಿಂತಳು. ಆಚೆಗೆ ಫಾದರ್. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಸೆರಗು ತಲೆಯ ಮೇಲೆಳೆದುಕೊಂಡು ಕೂಸಿನ ಕಿವಿಗೆ ಬಗ್ಗಿದಳು. ಅತ್ತೆ ಕಾದದ್ದರ ಸಿಟ್ಟೆಲ್ಲ ಸೇರಿಸಿ ಬೆನ್ನಿಗೊಂದು ಗುದ್ದಿದರು.

"ಮೆಲ್ಲಕ, ಅತ್ತೀ! ಬೆನ್ನು ಇದೊಂದ ಅದ ನಂಗ," ಎಂದಳು ಅಕ್ಕ. ಫಾದರ್ ನಗು ತಡೆದದ್ದು ನನಗೆ ಕಾಣಿಸಿತು.

ಆಮೇಲೆ ಹೆಸರನ್ನು ಗಟ್ಟಿಯಾಗಿ ಹೇಳಿದಳು. ನಮ್ಮ ಅವ್ವನ ಹೆಸರು. ಅದು ಯಾವ ಸಂತರದೂ ಅಲ್ಲ, ಬೈಬಲ್ಲಿನದೂ ಅಲ್ಲ. ಹೊಲಗದ್ದೆಯ ಹೆಂಗಸಿನ ಹೆಸರು. ಫಾದರ್ ಬೇಡ ಎನ್ನುತ್ತಾರೇನೋ ಎಂದುಕೊಂಡೆ. ಅವರು ಆ ಹೆಸರನ್ನೇ ಹಿಡಿದು ಕರೆದು, ಕೂಸಿನ ಹಣೆಗೆ ಶಿಲುಬೆ ಗುರುತು ಹಾಕಿದರು.

ನಾವು ಒಳಗೆ ಹೋದೆವು. ಅಕ್ಕ ಬರಲಿಲ್ಲ. ತಲೆಗೆ ನೀರು ಬಿದ್ದು ಕೂಸು ಚೀರಿದಾಗ ನಾನು ಹಿಂದೆ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಸಂಜೆ ಹೆದರುತ್ತಲೇ ಫೋನು ಮಾಡಿದೆ.

"ಪ್ರಾರ್ಥನಾಕ ಹೋಗಿದ್ದಿಯೇನಕ್ಕ?"

"ಹೋಗಿದ್ದೆ."

"ಹಾಡಿದಿ?"

"ಇನ್ನ ಹಿಂದ ಕೂಡು ಅಂದ್ರು. ಹಿಂದ ಕುಂತೆ. ಅಲ್ಲಿಂದೂ ಹಾಡಬಹುದು. ಬಾಯಿ ಅಂತೂ ನಂದ ಅಲ್ಲ?"

ನಾನು ಕೂಸಿನ ತೊಟ್ಟಿಲ ಹತ್ತಿರ ಹೋಗಿ ನಿಂತೆ.

"ಸುಮ್ನ ಯಾಕ ನಿಂತಿ? ಫೋನು ಆಕಿ ಕಿವಿಗೆ ಹಿಡಿ," ಎಂದಳು.

ಹಿಡಿದೆ. ತಾಂಡೂರಿನಿಂದ ಅಕ್ಕ ಅವ್ವನ ಹೆಸರು ಹಿಡಿದು ಕೂಗತೊಡಗಿದಳು.