ಗುಡ್ಡದ ಮೇಲೆ ಮಲಗುವ ಯೋಜನೆ

ನಾನು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಬಂಡೆಗಳ ಪಾಠ ಮಾಡುತ್ತಿದ್ದೇನೆ. ಗ್ರಾನೈಟ್ ಹೇಗೆ ಹುಟ್ಟಿತು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಹೋದ ಡಿಸೆಂಬರಿನವರೆಗೆ ಒಂದೇ ಒಂದು ಬಂಡೆಯನ್ನೂ ಹತ್ತಿದವಳಲ್ಲ. ಕೊಟ್ಟೂರಿನಿಂದ ಕೂಡ್ಲಿಗಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಗುಡ್ಡಗಳು ಬರುತ್ತವೆ, ಹೋಗುತ್ತವೆ. ನಾನು ಪುಟಾಣಿ ಮೆಲ್ಲುತ್ತ ನೋಡುತ್ತೇನೆ. ಗುಡ್ಡಕ್ಕೂ ನನಗೂ ಇದ್ದ ಸಂಬಂಧ ಅಷ್ಟರಲ್ಲೇ ಸುಖವಾಗಿತ್ತು.

ಅದು ಕೆಟ್ಟದ್ದು ನಮ್ಮವರು ನಿವೃತ್ತರಾದ ಮೇಲೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ, ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ ಮನುಷ್ಯ, ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಕೂತು ಪೇಪರಿನ ಟೆಂಡರ್ ಪ್ರಕಟಣೆಗಳನ್ನೂ ಓದತೊಡಗಿದರು. ಪಕ್ಕದಲ್ಲಿ ಸಜ್ಜಿ. ಸಜ್ಜಿ ಅಂದರೆ ನಮ್ಮ ನಾಯಿ; ಮೈಬಣ್ಣ ಸಜ್ಜೆ ಕಾಳಿನ ಹಾಗೆ ಬೂದಿ ಬೂದಿ ಇರುವುದರಿಂದ ಆ ಹೆಸರು. ನಮ್ಮ ಮನೆಯಲ್ಲಿ ಅವಳನ್ನು ‘ಅದು’ ಎಂದವರಿಗೆ ಎರಡನೇ ಸಲ ಚಹಾ ಸಿಗುವುದಿಲ್ಲ. ಇಬ್ಬರೂ ದಿನವಿಡೀ ಬಾಗಿಲು ನೋಡುತ್ತ ಕೂಡುವುದು ಕಂಡು ನನಗೆ ಸಂಕಟವಾಯಿತು. ಶಾಲೆಯ ಉಗ್ರಾಣದಲ್ಲಿ ಸ್ಕೌಟ್ ಮಕ್ಕಳ ಟೆಂಟೊಂದು ಧೂಳು ತಿನ್ನುತ್ತಿತ್ತು. ಹೆಡ್‌ಮಾಸ್ಟರನ್ನು ಕೇಳಿ ಅದನ್ನು ಮನೆಗೆ ತಂದು, “ಸಜ್ಜೀನ ಕರಕೊಂಡು ಗುಡ್ಡ ಹತ್ತಿ ಒಂದು ರಾತ್ರಿ ಅಲ್ಲೇ ಮಲಗಿ ಬರೋಣೇನ್ರಿ?” ಎಂದೆ. ಅವರು ಪೇಪರ್ ಮಡಚಿ, “ಹೋಗೋಣಲ್ಲ, ಅದಕ್ಕೇನಂತ!” ಎಂದರು. ಅಷ್ಟು ಬೇಗ ಒಪ್ಪಿದ್ದು ನೋಡಿ, ಪಾಪ, ಎಷ್ಟು ದಿನದ ಆಸೆಯೋ ಎಂದುಕೊಂಡೆ.

ನಾಯಿಯೊಂದಿಗೆ ಪ್ರವಾಸ ಹೊರಡುವವರಿಗೆ ಒಂದು ಮಾತು: ಪಟ್ಟಿ ಬರೆಯಲು ದೊಡ್ಡ ಹಾಳೆ ಇಟ್ಟುಕೊಳ್ಳಿ. ನಮ್ಮಿಬ್ಬರ ಸಾಮಾನು ನಾಲ್ಕು ಸಾಲಿಗೆ ಮುಗಿಯಿತು. ಸಜ್ಜಿಯದು ಪುಟ ತಿರುಗಿಸಿದರೂ ಮುಗಿಯಲಿಲ್ಲ. ಅವಳ ನೀರು, ನೀರಿಗೆ ಬಟ್ಟಲು, ರೊಟ್ಟಿ, ಉಣ್ಣಿಹುಳ ಹತ್ತದಂತೆ ಔಷಧಿ, ಅವಳು ಕಚ್ಚಿಕೊಂಡು ಮಲಗುವ ನನ್ನ ಹಳೇ ಸೀರೆಯ ತುಂಡು. ದನದ ದವಾಖಾನೆಯ ಡಾಕ್ಟರು, “ಕಲ್ಲು ಬಿಸಲಿಗೆ ಕಾದಿರ್ತಾವ, ಪಾದ ಸುಟ್ಟಾವು. ಹೊತ್ತು ಇಳಿದ ಮ್ಯಾಲ ನಡಸ್ರಿ” ಎಂದು ಅವಳ ಬಗ್ಗೆ ಕಾಲು ಗಂಟೆ ಹೇಳಿದರು. ನನ್ನ ಮಂಡಿನೋವಿನ ಬಗ್ಗೆ ಯಾರೂ ಕೇಳಲಿಲ್ಲ.

ಮಾಳಿಗೆಯ ಮೇಲೆ ಟೆಂಟಿನ ತಾಲೀಮು ನಡೆಯಿತು. ಬಸ್ಸಿನ ಗೇರ್‌ಬಾಕ್ಸನ್ನು ಬಿಚ್ಚಿ ಜೋಡಿಸಿದ ಕೈಗಳು ನಾಲ್ಕು ಕೋಲಿನ ಎದುರು ಸೋತು, ಬೆವರಿ, ಕೊನೆಗೆ ಗೆದ್ದವು. ನಾಲ್ಕು ಜನರಿಗೆಂದು ಹೊಲಿದ ಟೆಂಟು. ಸಜ್ಜಿ ಮೊದಲು ಒಳಹೊಕ್ಕು ಅಡ್ಡಡ್ಡ ಮಲಗಿದ ಮೇಲೆ ಅದು ಒಂದೂವರೆ ಜನರಿಗೆ ಉಳಿಯಿತು.

ನಮ್ಮವರ ಬಾಲ್ಯದ ಗೆಳೆಯ ಹನುಮಂತಪ್ಪ ಅರಣ್ಯ ಇಲಾಖೆಯ ವಾಚರು. ಗುಡೇಕೋಟೆಯ ಗುಡ್ಡಕ್ಕೆ ಹೋಗುವ ನಮ್ಮ ಯೋಜನೆ ಕೇಳಿ ಚಹಾದ ಲೋಟ ಕೆಳಗಿಟ್ಟ.

“ಗುಡೇಕೋಟೆ ಕಡೆ ನಾಯಿ ತಗೊಂಡು ಹೋಗಂಗೇ ಇಲ್ರಿ ಅಕ್ಕಾರ. ಅದು ಕರಡಿ ಜಾಗ. ನಾಯಿ ಸುಮ್ನಿರೋದಿಲ್ಲ, ಹೋಗಿ ಬೊಗಳತೈತಿ. ಕರಡಿ ತಿರುಗಿ ಬಿತ್ತಂದ್ರ ನಾಯಿ ಎಲ್ಲಿಗೆ ಓಡತೈತಿ ಹೇಳ್ರಿ?”

“ಎಲ್ಲಿಗೆ?”

“ನಿಮ್ಮ ಕಡೀಗೇ!”

ಹಂದಿಯೊಡನೆ ಕಾದಾಡಿ ಸತ್ತ ನಾಯಿಗೂ ನಮ್ಮ ನಾಡಿನಲ್ಲಿ ಹಿಂದೆ ವೀರಗಲ್ಲು ನಿಲ್ಲಿಸಿದ್ದಾರೆ. ಮಕ್ಕಳಿಗೆ ಇದನ್ನು ಹೇಳುವಾಗೆಲ್ಲ ನನಗೆ ಹೆಮ್ಮೆ. ಆದರೆ ಕಲ್ಲಿನ ಮೇಲೆ ನಾಯಿಯ ಜೊತೆ ನನ್ನ ಚಿತ್ರವೂ ಬರಬಹುದೆಂದು ಆವತ್ತೇ ಹೊಳೆದದ್ದು. ಕೊನೆಗೆ ಹನುಮಂತಪ್ಪನೇ ಬೇರೆ ಜಾಗ ಸೂಚಿಸಿದ. ನನ್ನ ಅಕ್ಕನ ಹಳ್ಳಿಯ ಹಿಂದಿನ ಗುಡ್ಡ. ಕುರಿ ಮೇಯುವ ಜಾಗ, ಕರಡಿಯ ಸುಳಿವಿಲ್ಲ. “ಆದ್ರೂ ಹಗ್ಗ ಮಾತ್ರ ಬಿಡಬ್ಯಾಡ್ರಿ” ಎಂದ.

ಬಿಟ್ಟೆವು. ಬೇಕೆಂದಲ್ಲ.

ಶನಿವಾರ ಮಧ್ಯಾಹ್ನ ಬಿಸಿಲು ತಗ್ಗಿದ ಮೇಲೆ ಹತ್ತತೊಡಗಿದೆವು. ಅರ್ಧ ಗುಡ್ಡ ಏರುವಷ್ಟರಲ್ಲಿ ಪೊದೆಯಿಂದ ನವಿಲೊಂದು ದಡಬಡಿಸಿ ಮೇಲೆದ್ದಿತು. ಸಜ್ಜಿ ಒಮ್ಮೆಲೇ ಜಗ್ಗಿದಳು. ಹಗ್ಗ ನಮ್ಮವರ ಕೈಯಿಂದ ಜಾರಿತು. ಬೂದಿ ಬಣ್ಣದವಳು ಬೂದಿ ಬಣ್ಣದ ಬಂಡೆಗಳ ನಡುವೆ ಕರಗಿಹೋದಳು. ಮೇಲಿನಿಂದ ಎರಡು ಸಲ ಬೊಗಳಿದ್ದು ಕೇಳಿತು. ಆಮೇಲೆ ಏನೂ ಇಲ್ಲ.

ಕೂಗಿದೆವು. ಅವಳ ಹೆಸರು ಗುಡ್ಡಕ್ಕೆ ಬಡಿದು ನಮಗೇ ವಾಪಸ್ಸು ಬಂತು. ಬಂಡೆಯ ಸಂದುಗಳಲ್ಲೆಲ್ಲ ಬಗ್ಗಿ ನೋಡಿದೆವು. ಯಾವ ಸಂದಿನಲ್ಲಿ ಏನಿದೆಯೋ ಎಂಬ ಹೆದರಿಕೆ ಆಗ ನೆನಪಿಗೇ ಬರಲಿಲ್ಲ. ಒಂದು ತಾಸಾಗಿರಬೇಕು. ನಮ್ಮವರು ಒಂದು ಹಾಸುಬಂಡೆಯ ಮೇಲೆ ಕುಸಿದು ಕೂತರು. ಅಂಗೈಯಲ್ಲಿ ಹಗ್ಗ ಉಜ್ಜಿದ ಕೆಂಪು ಗೆರೆ.

“ನನ್ನ ಕೈಯಿಂದನ ಹೋತು ನೋಡು,” ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. “ನನಗ ಈ ಗುಡ್ಡ ಬ್ಯಾಡಾಗಿತ್ತು. ನಿನಗ ಆಸಿ ಐತಿ ಅಂತ ಹೂಂ ಅಂದೆ.”

“ನನಗ ಎಲ್ಲೈತ್ರಿ ಆಸಿ? ಟೆಂಟ್ನ್ಯಾಗ ಮಲಗೋದು ನೆನಸಿದ್ರ ವಾರದಿಂದ ನಿದ್ದಿ ಇಲ್ಲ ನನಗ. ನೀವು ಮಂಕಾಗಿ ಕುಂತಿದ್ರಿ ಅಂತ...”

“ನಾನು ಮಂಕಾಗಿದ್ನೇನು? ಮೂವತ್ತು ವರ್ಷದ ಮ್ಯಾಲ ಆರಾಮ ಕುಂತಿದ್ನಲೇ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಗಬೇಕಾದ ಮಾತು, ನಗು ಬರಲಿಲ್ಲ. ಇಬ್ಬರಿಗೂ ಬೇಡದ ಗುಡ್ಡಕ್ಕೆ, ಹೋಗೋಣ ಎಂದೂ ಬೇಡ ಎಂದೂ ಹೇಳಲಾರದವಳನ್ನು ಎಳೆದು ತಂದು ಕಳೆದುಕೊಂಡಿದ್ದೆವು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, “ಅಳಬ್ಯಾಡ. ಸಜ್ಜಿ ಸಿಗೋತನಕ ನಾನಂತೂ ಇಳಿಯಾಂವಲ್ಲ” ಎಂದರು.

ಆಗ ನಾವು ಕೂತ ಬಂಡೆಯ ಹಿಂದಿನಿಂದಲೇ, ಹತ್ತು ಹೆಜ್ಜೆಯೂ ಇಲ್ಲ, ಆಕಳಿಸಿದ ಸದ್ದು ಕೇಳಿತು. ಬಾಯಿ ಪೂರ್ತಿ ತೆರೆದು, ಕೊನೆಯಲ್ಲಿ ಸಣ್ಣಗೆ ಕುಂಯ್ ಎನ್ನುವ ಆಕಳಿಕೆ. ಜಗತ್ತಿನಲ್ಲಿ ಹಾಗೆ ಆಕಳಿಸುವವರು ಒಬ್ಬರೇ.

ಕಾರೆಪೊದೆಯ ಬುಡಕ್ಕೆ ಹಗ್ಗ ಸುತ್ತಿಕೊಂಡಿತ್ತು. ಒಮ್ಮೆ ಎಳೆದು ನೋಡಿ, ಆಗಲಿಲ್ಲವೆಂದು ಸಜ್ಜಿ ಮುಂಗಾಲು ಚಾಚಿ ಮಲಗಿಬಿಟ್ಟಿದ್ದಳು. ನಮ್ಮ ದನಿ ಕೇಳುತ್ತಲೇ ಇತ್ತಲ್ಲ, ಬೊಗಳುವುದೇಕೆ! ಅವಳ ಲೆಕ್ಕದಲ್ಲಿ ಕಳೆದುಹೋಗಿದ್ದವರು ನಾವು. ನಮ್ಮವರು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದರು. ಮೊಳಕೈ ತುಂಬ ಮುಳ್ಳು ಗೀರಿಸಿಕೊಂಡು, ಡಿಪೋದ ಬಸ್ಸಿನಡಿಯಿಂದ ಬಂದ ಹಾಗೆ ಹಿಮ್ಮುಖವಾಗಿ ಹೊರಬಂದರು. ಹಿಂದೆಯೇ ಸಜ್ಜಿ. ಇಬ್ಬರ ತಲೆಯಲ್ಲೂ ಒಣ ಎಲೆ. ನಾನು ಯಾರನ್ನು ಮೊದಲು ತಬ್ಬಿಕೊಂಡೆ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ವಾದವಿದೆ.

ಟೆಂಟಿನ ಗಂಟು ಬಿಚ್ಚಲೇ ಇಲ್ಲ. ಯಾರೂ ಮಲಗಬೇಕಾಗಿಲ್ಲ, ಇನ್ನೂ ಮೇಲೆ ಹತ್ತಬೇಕಾಗಿಲ್ಲ ಎಂಬುದು ಮೈಗೆ ತಣ್ಣೀರು ಹೊಯ್ದಷ್ಟು ಹಿತವಾಗಿತ್ತು. ನಮ್ಮವರು ಬೊಗಸೆಯಲ್ಲಿ ನೀರು ಹಿಡಿದರು, ಸಜ್ಜಿ ಲೊಚಲೊಚ ಕುಡಿದಳು. ಅಷ್ಟರಲ್ಲಿ ಅಕ್ಕನ ಫೋನು. “ಅಲ್ಲೇ ಮಲಗತೀರೇನು, ಇಲ್ಲಾ ನಿಮಗೂ ರೊಟ್ಟಿ ಬಡೀಲೇನು?” ಅವರು ಫೋನ್ ಕಸಿದುಕೊಂಡು, “ಬಡೀರಿ, ಬಡೀರಿ ಅಕ್ಕಾರ!” ಎಂದು ಕೂಗಿದರು.

ಹಾಗೆ ಹೇಳಿದ ಮೇಲೆ ಏಳಬೇಕಿತ್ತು. ಯಾರೂ ಏಳಲಿಲ್ಲ. ಕೆಳಗೆ ಶೇಂಗಾ ಕಿತ್ತ ಹೊಲಗಳ ಮೇಲೆ ಇಳಿಬಿಸಿಲು ಹರಡಿತ್ತು. ಬಂಡೆ ಇನ್ನೂ ಬೆಚ್ಚಗಿತ್ತು. ಬಂಡೆ ಬಿಸಿಲನ್ನು ಹೀಗೆ ಹಿಡಿದಿಟ್ಟುಕೊಳ್ಳುತ್ತದೆ ಎಂದು ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ; ಕೂತು ನೋಡಿದ್ದು ಈಗ.

“ಇನ್ನೊಂದೀಟು ಕುಂತು ಹೋಗೋಣೇನು?” ಎಂದು ಅವರು ಕೇಳಿದರು.

‘ನಿಮ್ಮಿಷ್ಟ’ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ.

“ಕುಂದ್ರೋಣ,” ಎಂದೆ. “ನನಗ ಬೇಕಾಗೈತಿ.”