ಲಗಮಪ್ಪನ ಸಾವು ಡೌನ್‌ಲೋಡ್ ಆದದ್ದು

ಕಲ್ಲೋಳಿಯ ಲಗಮಪ್ಪನಿಗೆ ಗೊಬ್ಬರದ ಅಂಗಡಿ ಹೊಟ್ಟೆಪಾಡು, ನಾಟಕದಲ್ಲಿ ಸಾಯುವುದು ಹವ್ಯಾಸ. ಊರಿನಲ್ಲಿ ಯಾವ ನಾಟಕವಾದರೂ ಖಳನಾಯಕ ಅವನೇ. ಗುಂಡು ತಗುಲಿದ ಮೇಲೂ ಸ್ಟೇಜಿನ ತುಂಬ ಓಡಾಡಿ, ನಾಯಕಿಗೆ ಬುದ್ಧಿ ಹೇಳಿ, ಹಾರ್ಮೋನಿಯಂ ಮೇಲೆ ಕೈಯೂರಿ, ಆಮೇಲೆ ಬೀಳುತ್ತಿದ್ದ. ಈ ಸಲವಂತೂ ಸೀಟಿಗಳ ಸುರಿಮಳೆ. ಶೂಟಿಂಗ್ ಮಾಡಿದ ಸಂಕೇಶ್ವರದ ಸುನೀಲ ಇಡೀ ನಾಟಕವನ್ನು ಒಂದೇ ದೊಡ್ಡ ಫೈಲ್ ಮಾಡಿ ಲಿಂಕ್ ಕಳಿಸಿದ.

ಲಗಮಪ್ಪ ಮನೆಯ ಕಂಪ್ಯೂಟರಿಗೆ ಅದನ್ನು ಇಳಿಸಿಕೊಂಡ. ತೆರೆದರೆ ‘ಫೈಲ್ ಹಾಳಾಗಿದೆ’ ಎಂದಿತು. ಮತ್ತೆ ಇಳಿಸಿದ, ಮತ್ತೆ ಹಾಳು. ಸುನೀಲನಿಗೆ ಫೋನ್ ಹಚ್ಚಿದ.

“ನನ್ನ ಸಾವು ಕೆಡಿಸಿ ಕಳಿಸೀಯಲ್ಲೊ!”

“ಇಲ್ಲಿ ಚಲೋ ಐತ್ರಿ ಕಾಕಾ. ಏಳು ಜಿಬಿ ಐತಿ, ನೋಡ್ರಿ.”

ಮೊಬೈಲ್ ಅಂಗಡಿ ಇಟ್ಟಿದ್ದ ಬಾಜೂಮನೆಯ ಶಬ್ಬೀರ ಬಂದು ನೋಡಿದ.

“ಇಲ್ಲಿ ನಾಲ್ಕ ಬಂದಾವ್ರಿ ಅಣ್ಣಾ. ನಡುವ ಲೈನ್ ಕಟ್ ಆಗತೈತಿ.”

“ಉಳಿದ ಮೂರು ಎಲ್ಲಿ ಹೋದುವು?” ಎಂದು ಲಗಮಪ್ಪ ಮೇಜಿನ ಕೆಳಗೆ ಬಗ್ಗಿ ನೋಡಿದ.

ಶಬ್ಬೀರ ವೈಫೈ ಬಿಟ್ಟು ನೇರವಾಗಿ ವಾಯರ್ ಜೋಡಿಸಿದ. ಆದರೂ ಫೈಲ್ ಅರ್ಧಕ್ಕೇ ನಿಂತಿತು. ಇಬ್ಬರೂ ಇಂಟರ್ನೆಟ್ ಡಬ್ಬಿಯನ್ನೇ ನೋಡುತ್ತ ಕೂತರು. ಹಿತ್ತಲಲ್ಲಿ ಗರಗರ ಸದ್ದಾದಾಗಲೆಲ್ಲ ಡಬ್ಬಿಯ ದೀಪ ಕೆಂಪಾಗುತ್ತಿತ್ತು. ಹೋಗಿ ನೋಡಿದರೆ ಕೇಬಲ್ ಕೊಟ್ಟಿಗೆಯ ಕಂಬದ ಮೇಲೆ ಹಾದಿದೆ, ಎಮ್ಮೆ ಅದೇ ಕಂಬಕ್ಕೆ ಕುತ್ತಿಗೆ ತಿಕ್ಕುತ್ತಿದೆ.

“ಎಮ್ಮಿ ಬಿಚ್ಚಿ ಹೊರಗ ಕಟ್ಟು,” ಎಂದ ಲಗಮಪ್ಪ.

ಹೆಂಡತಿ ಪಾರವ್ವ ಸೊಂಟಕ್ಕೆ ಕೈ ಇಟ್ಟಳು. “ನಿಮ್ಮ ಸಾವಿನ ಸಲುವಾಗಿ ನನ್ನ ಎಮ್ಮಿ ಬಿಸಲಾಗ ನಿಂದ್ರಬೇಕೇನ್ರಿ? ಅದಕ್ಕ ತುರಿಕಿ ಆಗೈತಿ. ನೀವ ತುರಸ್ರಿ.”

ಬೇರೆ ದಾರಿ ಇರಲಿಲ್ಲ. ಊರನ್ನೇ ನಡುಗಿಸುವ ಖಳನಾಯಕ ಎಮ್ಮೆಯ ಕುತ್ತಿಗೆ ತುರಿಸುತ್ತ ನಿಂತ. ಕೈ ಸೋತು ಬಿಟ್ಟರೆ ಎಮ್ಮೆ ಕಂಬದತ್ತ ವಾಲುತ್ತಿತ್ತು. “ಬ್ಯಾಡವ್ವ ತಾಯಿ!” ಎಂದು ಮತ್ತೆ ಕೈ ಹಚ್ಚುತ್ತಿದ್ದ. ಬಾಗಿಲಲ್ಲಿ ನಿಂತ ಶಬ್ಬೀರ ಕೂಗಿ ಹೇಳುತ್ತಿದ್ದ: “ಐದಾತ್ರಿ! ಆರಾತ್ರಿ! ಬಿಡಬ್ಯಾಡ್ರಿ!”

ಏಳಾಯಿತು. ಫೈಲ್ ತೆರೆಯಿತು. ಓಣಿಯ ಜನ ಬಂದು ಕೂತರು. ಗುಂಡಿನ ಸದ್ದಾಯಿತು, ಲಗಮಪ್ಪ ಎದೆ ಹಿಡಿದುಕೊಂಡ. ಅಷ್ಟಕ್ಕೇ ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತು. ಮುಂದಿನ ಸಾಲಿನಲ್ಲಿ ಪಾರವ್ವ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು. ಸಾವು ಮುಗಿಯುವವರೆಗೂ ಪರದೆಯ ತುಂಬ ಅವಳೇ.

“ಅಳಸ್ರಿ ಅದನ್ನ!” ಎಂದು ಪಾರವ್ವ ಚೀರಿದಳು. ಲಗಮಪ್ಪ ಅಳಿಸಲಿಲ್ಲ. ಈಗಲೂ ಗೊಬ್ಬರಕ್ಕೆ ಬಂದವರನ್ನು ಕೂಡಿಸಿ ಆ ಭಾಗ ಹಚ್ಚುತ್ತಾನೆ. “ಆಕಿನ್ನ ನೋಡಬ್ಯಾಡ್ರಿ,” ಎನ್ನುತ್ತಾನೆ, “ದನಿ ಕೇಳ್ರಿ, ದನಿ!”